ಸತ್ತವರ ಸೊತ್ತು

ನಮ್ಮ ಕಂದಾಯ ಕಚೇರಿಗಳಲ್ಲಿ 'ಪೌತಿ ಖಾತೆ' ಎಂಬ ಮಾತೊಂದು ಉಂಟು. ಜಮೀನಿನ ಒಡೆಯ ತೀರಿಕೊಂಡ ಮೇಲೆ ಪಹಣಿಯಲ್ಲಿ ಅವನ ಹೆಸರನ್ನು ತೆಗೆದು ವಾರಸುದಾರರ ಹೆಸರನ್ನು ಕೂರಿಸುವ ಕ್ರಮಕ್ಕೆ ಆ ಹೆಸರು. 'ಪೌತಿ' ಎಂಬುದು ಕನ್ನಡವೂ ಅಲ್ಲ, ಸಂಸ್ಕೃತವೂ ಅಲ್ಲ. ಮರಣವೆಂಬ ಅರ್ಥದ ಅರಬ್ಬಿ ಮಾತು ಫಾರಸಿಯ ಮೂಲಕ ದಫ್ತರಕ್ಕಿಳಿದು, ಶ್ಯಾನುಭೋಗರ ಲೇಖನಿಯಲ್ಲಿ ಮೈತೊಳೆದುಕೊಂಡು ನಮ್ಮದಾಯಿತು. ಊರಿನಲ್ಲಿ ಯಾರೂ ಪೌತಿಯಾಗುವುದಿಲ್ಲ. ತೀರಿಕೊಳ್ಳುತ್ತಾರೆ, ಹೋಗಿಬಿಡುತ್ತಾರೆ, ಶಿವನ ಪಾದ ಸೇರುತ್ತಾರೆ. ಪೌತಿಯಾಗುವುದು ಕಚೇರಿಯಲ್ಲಿ, ಅದೂ ಸರ್ವೆ ನಂಬರೊಂದು ತನ್ನ ಹೆಸರಿನಲ್ಲಿದ್ದವರಿಗೆ ಮಾತ್ರ. ಗುಂಟೆ ನೆಲವಿಲ್ಲದವನು ಸತ್ತರೆ ಅವನ ಸಾವಿಗೆ ಆ ಪದವೂ ದಕ್ಕುವುದಿಲ್ಲ.

ಪದಗಳ ಬೆನ್ನು ಹತ್ತುವುದು ಕನ್ನಡ ಮೇಷ್ಟ್ರುಗಳ ಚಟ. ಓದುಗರು ಕ್ಷಮಿಸಬೇಕು. ಆದರೆ ಈ ಪದದ ಹಿಂದೆ ದೊಡ್ಡದೊಂದು ಪ್ರಶ್ನೆ ನಿಂತಿದೆ. ಸತ್ತವನ ಸೊತ್ತು ಯಾರದು? ಮಕ್ಕಳದು ಎಂಬ ಉತ್ತರ ಎಲ್ಲರ ನಾಲಗೆಯ ತುದಿಯಲ್ಲಿದೆ. ಪೂರ್ತಿ ಮಕ್ಕಳದೇ ಎಂದು ಇನ್ನೊಮ್ಮೆ ಕೇಳಿದರೆ ಜನಕ್ಕೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು 2024ರ ಏಪ್ರಿಲ್ ತಿಂಗಳಲ್ಲಿ ದೇಶವೆಲ್ಲ ನೋಡಿತು. ಲೋಕಸಭೆಯ ಚುನಾವಣೆಯ ಕಾವಿನಲ್ಲಿ ಸ್ಯಾಮ್ ಪಿತ್ರೋಡಾ ಅವರು ಅಮೆರಿಕದಲ್ಲಿರುವ ಪಿತ್ರಾರ್ಜಿತ ತೆರಿಗೆಯ ಮಾತೆತ್ತಿದರು. ಇದು ಜನರ ಗಂಟು ಕದಿಯುವ ಹೊಂಚು ಎಂದು ಎದುರು ಪಕ್ಷದವರು ಕೂಗಿದರು. ಇದು ನಮ್ಮ ಮಾತೇ ಅಲ್ಲ ಎಂದು ಅವರ ಪಕ್ಷದವರು ಕೈತೊಳೆದುಕೊಂಡರು. ಹುಟ್ಟುವ ಮೊದಲೇ ಅನಾಥವಾದ ಕೂಸು ಅದು. ಅದೇ ವರ್ಷ ಅರ್ಥಶಾಸ್ತ್ರಜ್ಞರ ಒಂದು ತಂಡ ಲೆಕ್ಕ ಹಾಕಿ, 2022-23ರಲ್ಲಿ ಭಾರತದ ಸಂಪತ್ತಿನಲ್ಲಿ ನೂರಕ್ಕೆ 40ರಷ್ಟು ಮೇಲಿನ ನೂರಕ್ಕೊಬ್ಬರ ಕೈಯಲ್ಲಿದೆ ಎಂದು ತಿಳಿಸಿತ್ತು. ಹತ್ತು ಕೋಟಿ ರೂಪಾಯಿಗೆ ಮೀರಿದ ಪಿತ್ರಾರ್ಜಿತಕ್ಕೆ ನೂರಕ್ಕೆ 33ರಷ್ಟು ತೆರಿಗೆ ಹಾಕಬಹುದು ಎಂಬ ಸಲಹೆಯನ್ನೂ ಮುಂದಿಟ್ಟಿತು. ಚುನಾವಣೆ ಮುಗಿಯಿತು, ಮಾತು ಮಾತ್ರ ಕಾಲೇಜಿನ ಸ್ಟಾಫ್ ರೂಮುಗಳಲ್ಲೂ ನಮ್ಮ ಬೂದಿಕೋಟೆಯ ಚಹದಂಗಡಿಯಲ್ಲೂ ಉಳಿದುಕೊಂಡಿದೆ.

ಇದು ನಮಗೆ ಹೊಸ ವಿಷಯವೇನೂ ಅಲ್ಲ. 1953ರ ಅಕ್ಟೋಬರ್ 15ರಿಂದ ಭಾರತದಲ್ಲಿ ಎಸ್ಟೇಟ್ ಸುಂಕ ಜಾರಿಗೆ ಬಂತು. ಆಗ ಚಿಂತಾಮಣಿ ದೇಶಮುಖರು ಅರ್ಥಮಂತ್ರಿಗಳು. ಸತ್ತವರು ಬಿಟ್ಟುಹೋದ ಆಸ್ತಿ ಒಂದು ಮಿತಿಯನ್ನು ಮೀರಿದರೆ ಅದರಲ್ಲಿ ಒಂದು ಭಾಗ ಸರ್ಕಾರಕ್ಕೆ. ಆಸ್ತಿ ಬೆಳೆದಂತೆ ದರವೂ ಏರಿ, ಒಂದು ಕಾಲಕ್ಕೆ ಮೇಲಿನ ಹಂತದಲ್ಲಿ ನೂರಕ್ಕೆ 85ರವರೆಗೂ ಮುಟ್ಟಿತ್ತು. 1985ರ ಮಾರ್ಚ್ 16ರಂದು ವಿ. ಪಿ. ಸಿಂಗ್ ಅವರು ಮಂಡಿಸಿದ ಬಜೆಟ್ಟಿನಲ್ಲಿ ಅದನ್ನು ತೆಗೆದುಹಾಕಿದರು. ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 20 ಕೋಟಿ, ವಸೂಲಿಯ ಖರ್ಚು ಹೆಚ್ಚು, ಸಂಪತ್ತಿನ ತೆರಿಗೆ ಬೇರೆ ಇರುವಾಗ ಒಂದೇ ಆಸ್ತಿಗೆ ಎರಡೆರಡು ಕಾನೂನಿನ ಕಿರುಕುಳ, ಅಸಮಾನತೆಯೂ ಕಡಿಮೆಯಾಗಲಿಲ್ಲ. ಇವು ಅವರು ಕೊಟ್ಟ ಕಾರಣಗಳು. ಮುಂದೆ ಆ ಸಂಪತ್ತಿನ ತೆರಿಗೆಯನ್ನೂ 2015ರ ಬಜೆಟ್ಟು ರದ್ದುಪಡಿಸಿತು.

ಅರ್ಥಶಾಸ್ತ್ರ ಬೋಧಿಸುವ ನನ್ನ ಮಿತ್ರರು ಇಷ್ಟು ಹೇಳಿ, "ಆದ್ದರಿಂದ ಈ ಚರ್ಚೆ ಮುಗಿದ ಅಧ್ಯಾಯ" ಎನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಬಲೆಯ ಕಣ್ಣು ದೊಡ್ಡದಾಗಿದ್ದರಿಂದ ಮೀನು ಸಿಕ್ಕಲಿಲ್ಲವೆಂದರೆ ಬಲೆಯ ದೋಷ ತಿಳಿಯಿತೇ ಹೊರತು ಕೆರೆಯಲ್ಲಿ ಮೀನಿಲ್ಲವೆಂದು ತಿಳಿಯಲಿಲ್ಲ. ಕಾನೂನು ಸೋತದ್ದು ನಿಜ. ಅದು ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಅಲ್ಲವೇ ಎಂಬುದು ಬೇರೆ ವಿಚಾರ. ಆ ವಿಚಾರವನ್ನು ಲೆಕ್ಕಪತ್ರದವರಿಗಷ್ಟೇ ಬಿಟ್ಟುಕೊಡಬೇಕಾಗಿಲ್ಲ.

ನನ್ನ ಸೋದರಮಾವನವರಿಗೆ ಬೂದಿಕೋಟೆಯ ಬಳಿ ಮೂರು ಎಕರೆ ಇದೆ. ಹಿಪ್ಪುನೇರಳೆ, ಟೊಮೇಟೊ, ಎರಡು ಸೀಮೆಹಸು. ಓದಿದ್ದು ಏಳನೆಯ ತರಗತಿ, ಮಾತಿನಲ್ಲಿ ವಕೀಲರು. ನಾನು ಈ ತೆರಿಗೆಯ ಪರವಾಗಿ ಎರಡು ಮಾತು ಆಡಿದ್ದೇ ತಡ, ಅವರು ಹೆಗಲ ಮೇಲಿನ ಟವೆಲ್ಲು ಕೊಡವಿ ಎದ್ದು ಕೂತರು.

"ಏನಪ್ಪಾ ಮೇಷ್ಟ್ರೆ, ಹೊಟ್ಟೆಬಟ್ಟೆ ಕಟ್ಟಿ ಮಾಡಿದ ಜಮೀನು ಇದು. ನಾನು ಸತ್ತ ಮೇಲೆ ನನ್ನ ಮಕ್ಕಳಿಗಲ್ಲದೆ ಇನ್ಯಾರಿಗೆ ಹೋಗಬೇಕು? ನಿನ್ನ ಸರ್ಕಾರ ಒಂದು ದಿನ ಬಂದು ನನ್ನ ಹೊಲದಲ್ಲಿ ಕಳೆ ಕಿತ್ತಿತೇನು?"

"ಸರ್ಕಾರ ಕಿತ್ತಿಲ್ಲ, ಮಾವ. ನಿಮ್ಮ ಮಗನೂ ಕಿತ್ತಿಲ್ಲವಲ್ಲ."

ಅವರ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಮಾವನವರು ನಕ್ಕರು; ಸೋಲಲಿಲ್ಲ. "ಅವನು ಕಿತ್ತಿಲ್ಲ, ಸರಿ. ನಾನು ಕಿತ್ತಿದ್ದು ಅವನಿಗೋಸ್ಕರ ಅಲ್ಲವೇನಯ್ಯಾ?"

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮನುಷ್ಯ ತನಗಾಗಿ ದುಡಿಯುವುದು ಅರ್ಧ; ಉಳಿದರ್ಧ ತನ್ನ ಬೆನ್ನಿಗೆ ಬರುವವರಿಗಾಗಿ. ತೆಂಗು ನೆಡುವವನು ಎಳನೀರಿನ ಆಸೆಯಿಂದಷ್ಟೇ ನೆಡುವುದಿಲ್ಲ. ಆದರೆ ಇದು ಕೊಡುವವನ ಪುಣ್ಯವೇ ಹೊರತು ಪಡೆಯುವವನ ಅರ್ಹತೆಯಲ್ಲ. ಮಾವನವರ ಬೆವರು ಮಾವನವರಿಗೆ ಹಕ್ಕು ತಂದುಕೊಟ್ಟಿತು. ಅದೇ ಬೆವರು ಮಗನ ಹಣೆಯಲ್ಲಿ ಹರಿಯಿತೆಂದು ಹೇಳಲಾಗುವುದಿಲ್ಲ. "ಈ ಹಣಕ್ಕೆ ಒಮ್ಮೆ ತೆರಿಗೆ ಕಟ್ಟಿಯಾಗಿದೆ, ಮತ್ತೆ ಏಕೆ?" ಎಂದು ನಗರದ ವಿದ್ಯಾವಂತರು ಕೇಳುತ್ತಾರಲ್ಲ, ಅದಕ್ಕೂ ಇದೇ ಉತ್ತರ. ಕಟ್ಟಿದವರು ತಂದೆ. ತಂದೆಗೆ ಈಗ ಯಾರೂ ತೆರಿಗೆ ಹಾಕುತ್ತಿಲ್ಲ. ಅವರು ಎಲ್ಲ ಅಮಲ್ದಾರರಿಗೂ ಅತೀತರಾಗಿಬಿಟ್ಟಿದ್ದಾರೆ. ತಿಂಗಳ ಸಂಬಳಕ್ಕೆ ತೆರಿಗೆ ಕಟ್ಟುವ ಗುಮಾಸ್ತನಿಗೆ ಇಲ್ಲದ ವಿನಾಯಿತಿ, ದುಡಿಯದೆ ಕೋಟಿ ಪಡೆಯುವ ಮಗನಿಗೆ ಏಕಿರಬೇಕು ಎಂಬುದಷ್ಟೇ ಪ್ರಶ್ನೆ.

ಮಾವನವರ ವಾದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಅದು ಹುಟ್ಟಿದ್ದು ನಮ್ಮ ಕನ್ನಡನಾಡಿನಲ್ಲೇ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳವೊಂದನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳು ಪಾಲು ಹಂಚಿಕೊಂಡದ್ದು ಈ ಕನ್ನಡನಾಡಿನ ಪಂಡಿತನ ಮಾತಿನಂತೆ. ಬಂಗಾಳದ ಜೀಮೂತವಾಹನನು ತಂದೆ ಸತ್ತ ಮೇಲೆ ಮಗನಿಗೆ ಹಕ್ಕು ಬರುತ್ತದೆ ಎಂದನು. ವಿಜ್ಞಾನೇಶ್ವರನು ಹಾಗಲ್ಲವೆಂದನು: ವಂಶದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಒಡೆತನವುಂಟು. ಹಾಗಾದರೆ ತಂದೆ ಸತ್ತಾಗ ನಡೆಯುವುದೇನು? ಯಾವ ಸೊತ್ತೂ ಒಬ್ಬರಿಂದ ಒಬ್ಬರಿಗೆ ದಾಟುವುದಿಲ್ಲ. ದೀಪ ಕೈಬದಲಾಗುವುದಿಲ್ಲ, ಮನೆಯಲ್ಲಿ ಉರಿಯುತ್ತಲೇ ಇರುತ್ತದೆ. ಅದರ ಸುತ್ತ ಕೂತವರಲ್ಲಿ ಒಬ್ಬರು ಎದ್ದುಹೋದರು, ಅಷ್ಟೆ. ದಾಟದೆ ಇರುವುದಕ್ಕೆ ಸುಂಕವೇನು? 1953ರ ಶಾಸನವನ್ನು ಬರೆದವರಿಗೂ ಈ ಗಂಟು ಎದುರಾಯಿತು. ಅವಿಭಕ್ತ ಕುಟುಂಬದಲ್ಲಿ ಸತ್ತವನ ಪಾಲು ದಾಟಿದಂತೆಯೇ ಎಣಿಸತಕ್ಕದ್ದು ಎಂದು ಬರೆದು ಅವರು ಗಂಟನ್ನು ಬಿಚ್ಚದೆ ಕತ್ತರಿಸಿದರು.

ಬಿಚ್ಚಿ ನೋಡಿದರೆ ಅದರೊಳಗೆ ಬೇರೆಯದೇ ಒಂದು ಎಳೆ ಕಾಣುತ್ತದೆ. ಮಗನಿಗೆ ಹುಟ್ಟಿನಿಂದ ಹಕ್ಕು ಕೊಟ್ಟ ಆ ಪಂಡಿತನೇ ತಂದೆಯ ಕೈಯನ್ನು ಕಟ್ಟಿದ್ದಾನೆ. ನೆಲವನ್ನು ಅವನು ಮನಬಂದಂತೆ ಮಾರುವಂತಿಲ್ಲ, ದಾನ ಕೊಡುವಂತಿಲ್ಲ. ಹುಟ್ಟಿದವರಿಗೂ ಗರ್ಭದಲ್ಲಿರುವವರಿಗೂ ಇನ್ನೂ ಗರ್ಭಕ್ಕೇ ಬಾರದವರಿಗೂ ಅನ್ನ ಬೇಕು, ಅದಕ್ಕೆ ಅದು ಆಧಾರ ಎಂಬುದು ಕಾರಣ. ಎಂದರೆ ಇದ್ದವನು ಒಡೆಯನೆನ್ನುವುದಕ್ಕಿಂತ ಕಾವಲುಗಾರ. ಈಗ ನನ್ನ ಮಾವನವರಂಥವರು ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಆಸ್ತಿ ಸ್ವಂತ ದುಡಿಮೆಯದು, ಯಾರಿಗೆ ಬೇಕಾದರೂ ಕೊಡುವೆ ಎಂದರೆ, ಮಗನು ಪಡೆಯುವುದು ದಾನ. ದಾನ ಪಡೆದವನಿಂದ ಸ್ವಲ್ಪ ಕೇಳಿದರೆ ದಾನಿಯನ್ನು ದೋಚಿದಂತಾಗದು. ಇಲ್ಲ, ಇದು ವಂಶದ್ದು, ಮುಟ್ಟಬಾರದು ಎಂದರೆ, ವಂಶದ್ದೆನ್ನುವುದಕ್ಕೆ ಇರುವ ಆಧಾರ ಅನ್ನ. ಅನ್ನಕ್ಕೆ ಒಂದು ಅಳತೆಯುಂಟು. ಮೂರು ಎಕರೆ ಅನ್ನ. ವಾಸದ ಮನೆ ಅನ್ನ. ಮಗಳ ಓದಿಗೆಂದು ಬ್ಯಾಂಕಿನಲ್ಲಿಟ್ಟದ್ದೂ ಅನ್ನ. ಸಾವಿರ ಕೋಟಿಯ ಷೇರುಗಳನ್ನು ಯಾವ ಗರ್ಭಸ್ಥ ಶಿಶುವಿನ ಅನ್ನವೆಂದು ಕರೆಯೋಣ?

ವಂಶವೆಂಬುದರ ಗೆರೆಯೂ ಆಕಾಶದಿಂದ ಬಿದ್ದದ್ದಲ್ಲ. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿತು. 1956ರಲ್ಲಿ ಉತ್ತರಾಧಿಕಾರದ ಕಾಯಿದೆ ಬಂತು. 1994ರಲ್ಲಿ ಕರ್ನಾಟಕವೂ 2005ರಲ್ಲಿ ಇಡೀ ದೇಶವೂ ಮಗಳಿಗೆ ಮಗನಂತೆ ಹುಟ್ಟಿನ ಹಕ್ಕನ್ನು ಕೊಟ್ಟವು. ಒಂದೊಂದು ಸಲವೂ ಮನೆ ಮುರಿದೀತೆಂಬ ಮಾತು ಕೇಳಿಬಂತು. ಇಂದಿಗೂ ನಮ್ಮ ಕಡೆ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆಯ ಪತ್ರಕ್ಕೆ ರುಜು ಹಾಕಿಸಿ, ಒಂದು ಸೀರೆ ಕೊಟ್ಟು, ಅರಿಶಿನ ಕುಂಕುಮವೆಂದು ಕಳುಹಿಸುವವರಿದ್ದಾರೆ. ನಮ್ಮ ತಂದೆಯವರು ಹೋದ ಮೇಲೆ ನನ್ನ ತಂಗಿಯ ಹೆಸರೂ ಖಾತೆಗೆ ಬಂದದ್ದನ್ನು ನೋಡಿ ನೆಂಟರಲ್ಲಿ ಹಲವರು ನನ್ನನ್ನು ಕನಿಕರದಿಂದ ಮಾತಾಡಿಸಿದರು. ಮನೆ ಮುರಿಯಲಿಲ್ಲ. ನಿನ್ನೆ ಹೊರಗಿನವಳೆಂದಿದ್ದವಳು ಇಂದು ಒಳಗಿದ್ದಾಳೆ. ಗೆರೆ ಸರಿದಿದೆ, ಇನ್ನೂ ಸರಿಯಬಾರದೆಂದು ಯಾವ ಶಾಸ್ತ್ರದಲ್ಲಿದೆ?

ಮಗಳು ರಕ್ತಸಂಬಂಧಿ, ಊರಿನವರು ಯಾರು ಎಂದು ಕೇಳಬಹುದು. ಇದಕ್ಕೆ ಶಾಸ್ತ್ರದಲ್ಲಿ ಉತ್ತರ ಹುಡುಕುವುದಕ್ಕಿಂತ ನಮ್ಮ ಬಾವಿಯ ಸಂಗತಿಯನ್ನು ಹೇಳುವುದು ಮೇಲು.

ನಮ್ಮ ತಾತನವರ ಜಮೀನು ಬರಿಯ ಖುಷ್ಕಿ. ಮಳೆ ಬಂದರೆ ರಾಗಿ, ಬಾರದಿದ್ದರೆ ಹುರುಳಿ. 1950ರ ಸುಮಾರಿಗೆ ಅವರು ಅದರಲ್ಲೊಂದು ಬಾವಿ ತೋಡಿಸಿದರು. ತೋಡಿದವರು ಪಕ್ಕದ ಕೇರಿಯ ಒಬ್ಬ ತರುಣರೂ ಅವರ ಜೊತೆಗಾರರೂ. ಕೋಲಾರದ ಸೀಮೆಯ ನೆಲವೆಂದರೆ ಎರಡಾಳು ಇಳಿಯುವಷ್ಟರಲ್ಲಿ ಕಲ್ಲು. ಉಳಿ, ಸುತ್ತಿಗೆ, ಸಿಡಿಮದ್ದು. ಎರಡು ಬೇಸಗೆಯ ಕೆಲಸ. ಕೂಲಿ ದಿನಕ್ಕಿಷ್ಟು ರಾಗಿ, ಮೇಲೆ ಸ್ವಲ್ಪ ಚಿಲ್ಲರೆ. ನೀರು ಬಂತು. ಬಾವಿಯ ನೀರಿನಲ್ಲಿ ತರಕಾರಿ, ತರಕಾರಿಯ ಹಣದಲ್ಲಿ ನಮ್ಮ ತಂದೆಯವರ ಹೈಸ್ಕೂಲು, ಅವರ ಮೇಷ್ಟರಿಕೆಯ ಸಂಬಳದಲ್ಲಿ ನನ್ನ ಎಂ.ಎ. ಬಾವಿ ಬತ್ತಿ ಬಹಳ ಕಾಲವಾಯಿತು. ಈಗ ಅದರ ಪಕ್ಕದಲ್ಲಿ ಸಾವಿರ ಅಡಿಗೂ ಮೀರಿ ಕೊರೆಸಿದ ಕೊಳವೆಬಾವಿ ನಿಂತಿದೆ. ಆದರೂ ನಾನು ತರಗತಿಯಲ್ಲಿ ಪಂಪನನ್ನು ಪಾಠ ಹೇಳುವಾಗ ಕುಡಿಯುವ ನೀರು ಆ ಬಾವಿಯದೇ ಎಂದು ಎಷ್ಟೋ ಸಲ ಅನ್ನಿಸಿದೆ. ಬಾವಿ ತೋಡಿದವರು ಮುಂದೆ ಚಿನ್ನದ ಗಣಿಯಲ್ಲಿ ಭೂಮಿಯೊಳಗಿನ ಕೆಲಸಕ್ಕೆ ಸೇರಿದರು. ಕಲ್ಲು ಒಡೆಯುವ ಕೈಗೆ ಅಲ್ಲಿ ಬೇಡಿಕೆಯಿತ್ತು. ಕೆಮ್ಮಿನಲ್ಲೇ ತೀರಿಕೊಂಡರು. ಅವರ ಮೊಮ್ಮಗ ನನ್ನ ವಯಸ್ಸಿನವನು. ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಒಂದು ದೊಡ್ಡ ಕಟ್ಟಡದ ಬಾಗಿಲಲ್ಲಿ ಹನ್ನೆರಡು ಗಂಟೆ ನಿಂತು, ರಾತ್ರಿ ಮರಳುತ್ತಾನೆ.

ಕೂಲಿ ಕೊಟ್ಟ ಮೇಲೆ ಲೆಕ್ಕ ತೀರಿತಲ್ಲವೆ ಎಂದು ಕೇಳಬಹುದು. ಆ ದಿನದ ಲೆಕ್ಕ ತೀರಿತು. ಆದರೆ ಯೋಚಿಸಿ: ಎರಡು ಬೇಸಗೆ ಕಲ್ಲು ಒಡೆದವರಿಗೆ ಎರಡು ಬೇಸಗೆಯ ರಾಗಿ, ಒಂದು ದಿನವೂ ಒಡೆಯದ ನನಗೆ ಆ ನೀರಿನ ಐವತ್ತು ವರ್ಷದ ಫಲ. ಇದರಲ್ಲಿ ನಮ್ಮ ತಾತನವರು ಮಾಡಿದ ಅನ್ಯಾಯವೇನೂ ಇಲ್ಲ. ಆ ಕಾಲದ ಕೂಲಿಯನ್ನು ಕೊಟ್ಟರು, ಮೇಲೊಂದು ಪಂಚೆಯನ್ನೂ ಕೊಟ್ಟರಂತೆ. ಯಾರೂ ತಪ್ಪು ಮಾಡದೆಯೂ ಎರಡು ತಲೆಮಾರಿನಲ್ಲಿ ಇಬ್ಬರು ಮೊಮ್ಮಕ್ಕಳ ನಡುವೆ ಇಷ್ಟು ಅಂತರ ಬೆಳೆಯುತ್ತದೆಂಬುದೇ ಯೋಚಿಸಬೇಕಾದ ವಿಷಯ. ಪಹಣಿಯಲ್ಲಿ ನಮ್ಮ ವಂಶದ ಹೆಸರಿದೆ. ಬಾವಿಯ ಕಲ್ಲಿನ ಮೇಲೆ ಉಳಿಯ ಗುರುತು ಯಾರದೋ ಇದೆ.

ಇದೇ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ನೋಡಬೇಕೆಂದರೆ ನಮ್ಮ ಮನೆಯಿಂದ ದೂರವೇನೂ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಯಿಂದ 1880ರಿಂದೀಚೆಗೆ, 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ, ಸುಮಾರು 800 ಟನ್ನು ಚಿನ್ನ ಹೊರಬಂತೆನ್ನುತ್ತಾರೆ. 1956ರಲ್ಲಿ ಸರ್ಕಾರ ವಹಿಸಿಕೊಳ್ಳುವವರೆಗೆ ಅದರ ಲಾಭಾಂಶ ಲಂಡನ್ನಿನ ಷೇರುದಾರರಿಗೆ, ಮೈಸೂರಿಗೆ ರಾಯಧನ. ತಮಾಷೆಯೆಂದರೆ, 1894ರಲ್ಲಿ ಸರ್ ವಿಲಿಯಂ ಹಾರ್ಕೋರ್ಟನು ಇಂಗ್ಲೆಂಡಿನಲ್ಲಿ ಎಸ್ಟೇಟ್ ಸುಂಕವನ್ನು ತಂದ ಮೇಲೆ, ಅಲ್ಲಿನ ಶ್ರೀಮಂತ ಷೇರುದಾರನು ಸತ್ತರೆ ನಮ್ಮ ನೆಲದ ಚಿನ್ನದ ಷೇರಿನಿಂದಲೂ ಒಂದು ಭಾಗ ಇಂಗ್ಲೆಂಡಿನ ಬೊಕ್ಕಸಕ್ಕೆ ಹೋಗಬೇಕಾಗಿತ್ತು. ಅಲ್ಲಿನ ಜನ ತಮ್ಮ ಶ್ರೀಮಂತರ ಪಿತ್ರಾರ್ಜಿತದಲ್ಲಿ ತಮಗೊಂದು ಪಾಲಿದೆಯೆಂದು ಅಂದೇ ಹೇಳಿಬಿಟ್ಟರು. ಆ ಪಿತ್ರಾರ್ಜಿತವನ್ನು ನೆಲದಡಿಯಿಂದ ತೆಗೆದುಕೊಟ್ಟವರ ಮಕ್ಕಳಿಗೆ ಉಳಿದದ್ದು ಊರಿನ ನಡುವೆ ಗುಡ್ಡದಂತೆ ಬಿದ್ದಿರುವ ಸೈನೈಡ್ ದಿಬ್ಬಗಳು. ಗಾಳಿ ಎದ್ದ ದಿನ ಆ ಬೂದುಬಣ್ಣದ ಧೂಳು ಮನೆಯ ಒಳಗೆಲ್ಲ ಬರುತ್ತದೆ. ಆ ಪಿತ್ರಾರ್ಜಿತವನ್ನು ಪಾಲು ಕೇಳಲು ಯಾವ ದಾಯಾದಿಯೂ ಬರಲಿಲ್ಲ.

ಇಷ್ಟರಿಂದ ದೊಡ್ಡ ಆಸ್ತಿಯ ಒಂದು ಅಂಶ ಸಮಾಜಕ್ಕೆ ಸಲ್ಲತಕ್ಕದ್ದು ಎಂದು ನನಗೆ ಸ್ಪಷ್ಟವಾಗಿದೆ. ಆದರೆ ಸಮಾಜದ ಪರವಾಗಿ ಕೈನೀಡುವವರು ಯಾರು? ಇಲ್ಲಿ ನನ್ನ ಧೈರ್ಯ ಸ್ವಲ್ಪ ಕುಗ್ಗುತ್ತದೆ. ಏಕೆಂದರೆ ನಾನು ಬೂದಿಕೋಟೆಯವನು.

ನಮ್ಮೂರು ಹೈದರಾಲಿ ಹುಟ್ಟಿದ ಊರು. ಅವನ ತಂದೆ ಫತೇ ಮಹಮ್ಮದನು ಶಿರಾದ ಸುಬೇದಾರರ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದನು. ಬೂದಿಕೋಟೆ ಅವನ ಜಹಗೀರು. ಆ ಕಾಲದ ಮೊಗಲ್ ಆಡಳಿತದಲ್ಲಿ ಅಧಿಕಾರಿಯೊಬ್ಬ ಸತ್ತರೆ ಅವನ ಆಸ್ತಿಗೆ ಮೊದಲು ಮುದ್ರೆ ಬೀಳುತ್ತಿತ್ತು. ಸರ್ಕಾರಕ್ಕೆ ಬರಬೇಕಾದ ಬಾಕಿಯನ್ನು ಮುರಿದುಕೊಂಡು ಉಳಿದದ್ದನ್ನು ಮಕ್ಕಳಿಗೆ ಬಿಡುವುದು ಪದ್ಧತಿ. ಫತೇ ಮಹಮ್ಮದನು ಕದನದಲ್ಲಿ ಸತ್ತನು. ಅವನ ಸಂಸಾರ ಆಗ ದೊಡ್ಡಬಳ್ಳಾಪುರದಲ್ಲಿತ್ತು. ಅಲ್ಲಿನ ಅಬ್ಬಾಸ್ ಕುಲಿ ಖಾನನು ಸತ್ತವನಿಂದ ಬಾಕಿಯಿದೆಯೆಂದು ಮನೆಯನ್ನು ಬಾಚಿಕೊಂಡದ್ದಲ್ಲದೆ, ಬಚ್ಚಿಟ್ಟದ್ದನ್ನು ತೋರಿಸಿರೆಂದು ಇನ್ನೂ ಹತ್ತು ತುಂಬದ ಇಬ್ಬರು ಹುಡುಗರನ್ನು ಹಿಂಸಿಸಿದನೆಂದು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಬರೆಯುತ್ತಾನೆ. ಮಕ್ಕಳನ್ನು ನಗಾರಿಯೊಳಗೆ ಕೂರಿಸಿ ಮೇಲೆ ಬಾರಿಸಿದರೆಂಬ ಕಥೆಯೂ ಉಂಟು. ಆ ಹುಡುಗರಲ್ಲಿ ಕಿರಿಯವನೇ ಹೈದರ್. ತಾಯಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ, ತಮ್ಮನ ಆಶ್ರಯಕ್ಕೆ, ಹೋಗಬೇಕಾಯಿತು. ಮೂವತ್ತು ವರ್ಷಗಳಿಗೂ ಮೇಲೆ, 1761ರಲ್ಲಿ, ಹೈದರನು ದೊಡ್ಡಬಳ್ಳಾಪುರಕ್ಕೆ ನುಗ್ಗಿದಾಗ ಅಬ್ಬಾಸ್ ಕುಲಿ ಖಾನನು ಮದರಾಸಿಗೆ ಓಡಿದನು. ಹೈದರನ ಸೈನ್ಯ ಅಲ್ಲಿಗೂ ಬರುತ್ತದೆಂದು ತಿಳಿದಾಗ ದೋಣಿ ಹತ್ತಿ ಸಮುದ್ರಕ್ಕಿಳಿದನಂತೆ! ಸತ್ತವರ ಮನೆಯ ಬಾಗಿಲಿಗೆ ಲೆಕ್ಕದ ಪುಸ್ತಕ ಹಿಡಿದು ಬರುವವರು ಈ ಕಥೆಯನ್ನು ಓದಿಕೊಂಡು ಬರುವುದು ಒಳ್ಳೆಯದು.

ಇನ್ನೊಬ್ಬ ವಸೂಲಿದಾರನನ್ನು ಕಾಳಿದಾಸ ಚಿತ್ರಿಸಿದ್ದಾನೆ. ಶಾಕುಂತಲದ ಆರನೆಯ ಅಂಕವನ್ನು ಓದಿದವರಿಗೆ ನೆನಪಿರಬಹುದು. ಕಡಲ ವ್ಯಾಪಾರಿಯೊಬ್ಬ ಹಡಗೊಡೆದು ಸತ್ತಿದ್ದಾನೆ, ಮಕ್ಕಳಿಲ್ಲ, ಅವನ ಧನವೆಲ್ಲ ಅರಸನಿಗೆ ಸಲ್ಲುತ್ತದೆ ಎಂದು ಮಂತ್ರಿ ಬರೆದು ಕಳುಹಿಸುತ್ತಾನೆ. ಶಾಸನದಂತೆ ಅದು ಸರಿ. ದುಷ್ಯಂತನು ರುಜು ಹಾಕುವುದಿಲ್ಲ. ಅವನ ಹೆಂಡಿರಲ್ಲಿ ಯಾರಾದರೂ ಗರ್ಭಿಣಿಯೇ, ವಿಚಾರಿಸಿ ಎನ್ನುತ್ತಾನೆ. ಒಬ್ಬಳು ಇರುವಳೆಂದು ತಿಳಿಯುತ್ತದೆ. ಗರ್ಭದಲ್ಲಿರುವ ಕೂಸಿಗೇ ತಂದೆಯ ಧನ ಸಲ್ಲತಕ್ಕದ್ದು ಎಂದು ತೀರ್ಪು ಕೊಟ್ಟು, ಪ್ರಜೆಗಳಲ್ಲಿ ಯಾರು ಯಾವ ಬಂಧುವನ್ನು ಕಳೆದುಕೊಂಡರೂ ಆ ಬಂಧುವಿನ ಸ್ಥಾನದಲ್ಲಿ ತಾನಿರುವೆನೆಂದು ಡಂಗುರ ಸಾರಿಸುತ್ತಾನೆ. ಅರಸ ತನ್ನ ಹಕ್ಕನ್ನು ಅಲ್ಲಗಳೆಯಲಿಲ್ಲ. ಕೇಳುವ ಮೊದಲು ಮನೆಯಲ್ಲಿ ಯಾರಿದ್ದಾರೆಂದು ನೋಡಿದನು. ಬಂಧುವಾಗಿ ಬಂದವನಿಗೆ ಪಾಲು ಕೇಳುವ ಮುಖವಿರುತ್ತದೆ.

ನಮ್ಮ ಸರ್ಕಾರ ಇವರಿಬ್ಬರಲ್ಲಿ ಯಾರನ್ನು ಹೋಲುತ್ತದೆ? ತಂದೆಯವರ ಪೌತಿ ಖಾತೆಗಾಗಿ ನಾನು ಒಂದು ಕಚೇರಿಗೆ ಒಂಬತ್ತು ಸಲ ಅಲೆದೆ. ವಂಶವೃಕ್ಷ, ಮರಣಪತ್ರ, ಆಧಾರ್, ಮತ್ತೆ ವಂಶವೃಕ್ಷ. ನನ್ನ ಜೊತೆ ಸಾಲಿನಲ್ಲಿ ನಿಂತಿದ್ದ ವಿಧವೆಯೊಬ್ಬರು ಒಂದೂವರೆ ಎಕರೆಗಾಗಿ ಎರಡು ವರ್ಷದಿಂದ ಬರುತ್ತಿದ್ದರು. ಬಸ್ಸಿನ ಖರ್ಚು, ಕಳೆದ ಕೂಲಿ, ಮೇಜಿನ ಕೆಳಗೆ ಕೊಟ್ಟದ್ದು ಎಲ್ಲವನ್ನೂ ಕೂಡಿದರೆ, ಬಡವರಿಗೆ ಈ ದೇಶದಲ್ಲಿ ಪಿತ್ರಾರ್ಜಿತದ ತೆರಿಗೆ ಎಂದೂ ರದ್ದಾಗಿಲ್ಲ. ರದ್ದಾದದ್ದು ಶ್ರೀಮಂತರದು ಮಾತ್ರ.

ಆದ್ದರಿಂದಲೇ ಹತ್ತು ಕೋಟಿಯ ಮಾತು ನನ್ನ ಮಾವನವರನ್ನು ಸಮಾಧಾನಪಡಿಸುವುದಿಲ್ಲ.

"ಇವತ್ತು ಹತ್ತು ಕೋಟಿ ಅಂತಾರೆ. ನಾಳೆ ಹತ್ತು ಗುಂಟೆ ಅಂತಾರೆ" ಎಂದರು.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ನಕ್ಕವರಿದ್ದಾರೆ. ಇತಿಹಾಸ ಮಾವನವರ ಕಡೆಗಿದೆ. 1953ರಲ್ಲಿ ಒಂದು ಲಕ್ಷ ರೂಪಾಯಿಯಿದ್ದ ವಿನಾಯಿತಿಯ ಮಿತಿಯನ್ನು 1958ರ ತಿದ್ದುಪಡಿ 50,000ಕ್ಕೆ ಇಳಿಸಿತ್ತು. ಇಂಗ್ಲೆಂಡಿನಲ್ಲಿ ದೊಡ್ಡ ಕೃಷಿಭೂಮಿಗೂ ಈ ತೆರಿಗೆಯನ್ನು ವಿಸ್ತರಿಸುವುದಾಗಿ 2024ರ ಬಜೆಟ್ಟಿನಲ್ಲಿ ಹೇಳಿದಾಗ ರೈತರು ಟ್ರ್ಯಾಕ್ಟರುಗಳನ್ನು ಲಂಡನ್ನಿನ ಬೀದಿಗೆ ತಂದರು. ಮುಂದಿನ ವರ್ಷವೇ ಸರ್ಕಾರ ಮಿತಿಯನ್ನು ಮೇಲಕ್ಕೇರಿಸಬೇಕಾಯಿತು. ನೆಲದ ಬೆಲೆ ನೆಲದ ಬೆಳೆಯನ್ನು ಬಿಟ್ಟು ಓಡುವ ಕಾಲ ಇದು. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಮಾಲೂರು, ಬಂಗಾರಪೇಟೆಗಳ ಸೀಮೆಯನ್ನು ಹಾದುಹೋಗುತ್ತದೆ. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಬಿಳಿ ಕಾರಿನಲ್ಲಿ ಬರುವ ದಲ್ಲಾಳಿಗಳು ಚಹದಂಗಡಿಯಲ್ಲಿ ಹೇಳುವ ಬೆಲೆಯನ್ನು ಕೇಳಿದರೆ ಟೊಮೇಟೊ ಬೆಳೆಯುವವನಿಗೆ ನಗು ಬರುತ್ತದೆ. ಆ ಏರಿಕೆಗೂ ಒಡೆಯನ ದುಡಿಮೆಗೂ ಸಂಬಂಧವಿಲ್ಲ. ಸಾರ್ವಜನಿಕ ಹಣದ ರಸ್ತೆ ತಂದ ಬೆಲೆ ಅದು. ಅದರಲ್ಲಿ ಪಾಲು ಕೇಳುವುದು ನ್ಯಾಯವೇ. ಆದರೆ ಮಾರಿ ಕಾಸು ಮಾಡಿಕೊಂಡವನನ್ನು ಕೇಳಬೇಕು. ಉಳುತ್ತಲೇ ಇರುವವನಿಂದ ಕಾಗದದ ಬೆಲೆಗೆ ತೆರಿಗೆ ಕೇಳಿದರೆ ಅವನು ತೆರಿಗೆ ಕಟ್ಟಲೆಂದೇ ಜಮೀನು ಮಾರಬೇಕಾದೀತು. ಮಿತಿಯನ್ನು ಬೆಲೆಯೇರಿಕೆಗೆ ಶಾಸನದಲ್ಲೇ ಕಟ್ಟಿಹಾಕಬೇಕು, ವಾಸದ ಮನೆಯನ್ನೂ ಉಳುವ ನೆಲವನ್ನೂ ಬಿಡಬೇಕು, ಟ್ರಸ್ಟುಗಳ ಹಿಂಬಾಗಿಲನ್ನು ಮುಚ್ಚಬೇಕು. ಇದರ ವಿವರವನ್ನು ಬಲ್ಲವರು ಬರೆಯಲಿ.

ಮಾವನವರು ಕೊನೆಗೆ ಕೇಳಿದ ಪ್ರಶ್ನೆಯೇ ನನಗೆ ಹೆಚ್ಚು ತೊಡಕಾದದ್ದು. "ಬಾವಿ ತೋಡಿದವನ ಋಣ ಅಂತೀಯಲ್ಲಪ್ಪ, ಅವನ ಮೊಮ್ಮಗ ನಿನ್ನ ಕಣ್ಣೆದುರಿಗೇ ಇದ್ದಾನೆ. ನೀನೇ ಅರ್ಧ ಎಕರೆ ಬರೆದುಕೊಡು. ನಡುವೆ ಸರ್ಕಾರ ಯಾಕೆ?"

ನಾನು ಹೇಳಿದೆ: "ಮಾವ, ತೋಡಿದ ಮುಖ್ಯಸ್ಥರ ಹೆಸರು ನಮಗೆ ಗೊತ್ತು. ಬುಟ್ಟಿಯಲ್ಲಿ ಕಲ್ಲು ಹೊತ್ತು ಮೇಲಕ್ಕೆ ತಂದ ಹೆಂಗಸರ ಹೆಸರು ನಿಮಗೆ ಗೊತ್ತೆ? ಮದ್ದಿನ ಗುಂಡಿ ಕೊರೆದವರು? ತಂದೆಯವರು ಓದಿದ ಸ್ಕೂಲಿಗೆ ಇಟ್ಟಿಗೆ ಹೊತ್ತವರು? ಹೆಸರು ಗೊತ್ತಿಲ್ಲದವರ ಸಾಲ ತೀರಿಸುವುದಕ್ಕೆ ತೆರಿಗೆಯಲ್ಲದೆ ಬೇರೆ ದಾರಿ ನನಗೆ ಕಾಣುವುದಿಲ್ಲ."

"ಹೆಸರು ಗೊತ್ತಿರುವವನದು?" ಎಂದರು ಮಾವ, ಬಿಡದೆ.

ಅದು ತೆರಿಗೆಯ ಮಾತಲ್ಲ. ಅದಕ್ಕೆ ಯಾವ ಅರ್ಥಮಂತ್ರಿಯ ಬಜೆಟ್ಟನ್ನೂ ಕಾಯಬೇಕಾಗಿಲ್ಲ. ತಂಗಿಯೊಡನೆ ಮಾತಾಡಿದ್ದೇನೆ, ಪಾಲು ಅವಳದೂ ಇದೆಯಲ್ಲ. ಯುಗಾದಿಗೆ ಊರಿಗೆ ಬಂದಾಗ ಬಾವಿಯ ಕಡೆಯ ತುಂಡನ್ನು ಅಳತೆ ಮಾಡಿಸೋಣ ಎಂದಿದ್ದಾಳೆ. ಸರ್ವೆಯವರಿಗೆ ಅರ್ಜಿ ಕೊಟ್ಟಾಗಿದೆ. ಮಾವನವರು ಇನ್ನೂ ಒಪ್ಪಿಲ್ಲ; ಅಳತೆಯ ದಿನ ಸರಪಳಿಯ ಒಂದು ತುದಿಯನ್ನು ತಾವೇ ಹಿಡಿಯುವುದಾಗಿ ಮಾತ್ರ ಹೇಳಿದ್ದಾರೆ, ಒಂದು ಅಡಿಯೂ ಹೆಚ್ಚು ಹೋಗದಂತೆ ನೋಡಿಕೊಳ್ಳುವುದಕ್ಕೆ.